ಅರವತ್ತನಾಲ್ಕು ರಾಜರು ಮತ್ತು ಒಂದು ಬಟ್ಟೆ ಒಗೆಯುವ ಕಲ್ಲು

ಪ್ರಶ್ನೆ: ನಾನು ಸುರತ್ಕಲ್‌ನವಳು, ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಾಲ್ಕು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಪೆರ್ಮಲೆ ಎಂಬ, ನಾನೇ ಕಟ್ಟಿದ ಕರಾವಳಿ ರಾಜ್ಯದಲ್ಲಿ. ಅದಕ್ಕೆ ಮೂರು ಸಾವಿರ ವರ್ಷಗಳ ಚರಿತ್ರೆಯನ್ನು ಬರೆದಿಟ್ಟಿದ್ದೇನೆ: 64 ರಾಜರು, 11 ಯುದ್ಧಗಳು, ಪ್ರತಿಯೊಬ್ಬ ರಾಜನ ಹುಟ್ಟು, ಪಟ್ಟ, ಸಾವಿನ ಇಸವಿ. ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತದೆ, ಎಕ್ಸೆಲ್‌ನಲ್ಲಿ ಹಾಕಿ ನೋಡಿದ್ದೇನೆ. ಆದರೆ ಮೊದಲ ಅಧ್ಯಾಯಗಳನ್ನು ಓದಿದ ಗೆಳತಿ, ‘ಚೆನ್ನಾಗಿದೆ, ಆದರೆ ಯಾವುದನ್ನೂ ನಂಬಲು ಆಗುವುದಿಲ್ಲ, ಏಳನೇ ತರಗತಿಯ ಸಮಾಜ ಪಾಠದ ಹಾಗಿದೆ’ ಎಂದಳು. ಇನ್ನೂ ಎಷ್ಟು ವಿವರ ಸೇರಿಸಬೇಕು? ತುಳುನಾಡಿನ ನಿಜವಾದ ಚರಿತ್ರೆಯನ್ನೇ ಹೆಸರು ಬದಲಿಸಿ ಬಳಸಿದರೆ ತಪ್ಪೇ? ತುಳುವಿನ ಹಾಡುಗತೆಗಳಾದ ಪಾಡ್ದನಗಳನ್ನು, ದೈವಗಳನ್ನು ತರಬಹುದೇ? ನನ್ನ ಅಜ್ಜಿ ಬೇಡ ಎನ್ನುತ್ತಾರೆ. ಮೊದಲ ಅಧ್ಯಾಯವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಮನೆಯ ಅಟ್ಟ ನೆನಪಾಯಿತು. ಉಡುಪಿಯಲ್ಲಿ ಇತಿಹಾಸದ ಉಪನ್ಯಾಸಕನಾಗಿ ಸೇರಿದ ಹೊಸತರಲ್ಲಿ ನಾನೂ ಒಂದು ರಾಜ್ಯ ಕಟ್ಟಿದ್ದೆ. ನೋಟ್‌ಪುಸ್ತಕಗಳಲ್ಲಿ 120 ಪುಟ ವಂಶಾವಳಿ, ಯುದ್ಧ, ಒಪ್ಪಂದ. ಕಾದಂಬರಿ ಮಾತ್ರ ಒಂದು ಪುಟವೂ ಹುಟ್ಟಲಿಲ್ಲ. ಕೆಲವು ವರ್ಷಗಳ ಮೇಲೆ ಆ ಪುಸ್ತಕಗಳಿಗೆ ಒರಲೆ ಹಿಡಿಯಿತು. ಯಾವ ರಾಜ ಹೋದ, ಯಾವ ರಾಜ ಉಳಿದ ಎಂದು ಬಿಡಿಸಿ ನೋಡುವಷ್ಟು ಮನಸ್ಸೂ ನನಗೆ ಬರಲಿಲ್ಲ. ಹಾಗಾಗಿ ಮುಂದಿನ ಮಾತುಗಳನ್ನು ಅದೇ ಹೊಂಡಕ್ಕೆ ಬಿದ್ದು ಎದ್ದವನ ಮಾತು ಎಂದುಕೊಳ್ಳಿ.

ನಿಮ್ಮ ಚಿಂತೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಇಷ್ಟು ಕಷ್ಟಪಟ್ಟು ಒಂದು ತಪ್ಪೂ ಇಲ್ಲದ ಚರಿತ್ರೆ ಕಟ್ಟಿದರೂ ಅದು ಚರಿತ್ರೆ ಎನಿಸುತ್ತಿಲ್ಲವೇಕೆ? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಎಲ್ಲವೂ ತಾಳೆಯಾಗುತ್ತದೆ ಎಂದಿದ್ದೀರಿ. ನಿಜವಾದ ಚರಿತ್ರೆಯಲ್ಲಿ ತಾಳೆಯಾಗುವುದು ಕಡಿಮೆ. ಶಾಸನ ಒಂದು ಹೇಳುತ್ತದೆ, ಊರಿನವರು ಇನ್ನೊಂದು ಹೇಳುತ್ತಾರೆ, ಹೊರಗಿನಿಂದ ಬಂದು ಹೋದ ಪ್ರವಾಸಿ ಮೂರನೆಯದನ್ನು ಬರೆದಿಟ್ಟಿರುತ್ತಾನೆ. ನಿಮ್ಮ ಗೆಳತಿಗೆ ವಿವರ ಕಡಿಮೆಯಾಗಿಲ್ಲ, ಬಿರುಕು ಕಡಿಮೆಯಾಗಿದೆ.

ಒಂದು ಅನುಭವ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಬ್ರಹ್ಮಾವರದ ಆಚೆಯ ಒಂದು ಹಳ್ಳಿಮನೆಯಲ್ಲಿ ಶಾಸನವಿದೆ ಎಂದು ಕೇಳಿ, ಪಡಿಯಚ್ಚು ತೆಗೆಯುವ ಕಾಗದ, ಮಸಿ, ಬ್ರಷ್ ಹಿಡಿದುಕೊಂಡು ಹೋದೆ. ಕಲ್ಲು ಬಾವಿಕಟ್ಟೆಯ ಪಕ್ಕದಲ್ಲಿತ್ತು. ಎರಡು ತಲೆಮಾರಿನಿಂದ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಮೇಲಿನ ಸೂರ್ಯ ಚಂದ್ರರೂ ಕೆಳಗಿನ ನಾಲ್ಕು ಸಾಲುಗಳೂ ಉಳಿದಿದ್ದವು. ರಾಜನ ಹೆಸರು ಇರಬೇಕಾದ ಜಾಗ ಸವೆದು ಕನ್ನಡಿಯಂತೆ ನುಣುಪಾಗಿತ್ತು. ಮನೆಯ ಹಿರಿಯ ಹೆಂಗಸು ನನಗೆ ಮಜ್ಜಿಗೆ ಕೊಟ್ಟು, ‘ರಾಣಿಯೊಬ್ಬಳು ಗಂಡನ ಕಡೆಯವರಿಗೂ ತಮ್ಮನ ಕಡೆಯವರಿಗೂ ಗಡಿ ಮಾಡಿ ನೆಟ್ಟ ಕಲ್ಲು ಇದು’ ಎಂದರು. ಉಳಿದ ನಾಲ್ಕು ಸಾಲುಗಳಲ್ಲಿ ರಾಣಿಯೂ ಇರಲಿಲ್ಲ, ಗಡಿಯೂ ಇರಲಿಲ್ಲ. ಇದ್ದದ್ದು ದೇವರ ದೀಪಕ್ಕೆ ಬಿಟ್ಟ ಅಕ್ಕಿಯ ಲೆಕ್ಕ, ಮತ್ತು ಇದಕ್ಕೆ ತಪ್ಪಿದವರು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬ ಮಾಮೂಲಿ ಶಾಪ. ಅಷ್ಟರಲ್ಲಿ ಪಕ್ಕದ ಮನೆಯವರು ಬೇಲಿಯ ಆಚೆಯಿಂದ, ಆ ಕಲ್ಲು ತಮ್ಮ ಹಿತ್ತಲಿನಿಂದ ಹೊತ್ತು ತಂದದ್ದು ಎಂದು ಕೂಗಿ ಹೇಳಿದರು.

ಆ ಒಂದು ಕಲ್ಲಿನಲ್ಲಿ ಮೂರು ಚರಿತ್ರೆಗಳಿದ್ದವು, ಮೂರಕ್ಕೂ ವಾರಸುದಾರರಿದ್ದರು. ನಿಮ್ಮ ಪೆರ್ಮಲೆಯಲ್ಲಿ 64 ರಾಜರಿದ್ದಾರೆ, ಅಂಥ ಒಂದು ಕಲ್ಲು ನನಗೆ ಸಿಗಲಿಲ್ಲ.

ಹೆಚ್ಚು ವರ್ಷಗಳಿದ್ದಷ್ಟೂ ನಂಬಿಕೆ ಹೆಚ್ಚು ಎನ್ನುವುದು ಬರೆಯುವವರಲ್ಲಿ ಬೇರೂರಿದ ತಪ್ಪು ಕಲ್ಪನೆ. ಬಾಯಿಮಾತಿನ ಚರಿತ್ರೆಯನ್ನು ಆಫ್ರಿಕಾದಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ ಬೆಲ್ಜಿಯಂ ಮೂಲದ ಇತಿಹಾಸಕಾರ ಯಾನ್ ವಾನ್ಸಿನಾ ಒಂದು ಸಂಗತಿಯನ್ನು ಗಮನಿಸಿದರು. ಜನರಿಗೆ ಹತ್ತಿರದ ಎರಡು ಮೂರು ತಲೆಮಾರಿನ ಸುದ್ದಿ ದಟ್ಟವಾಗಿ ನೆನಪಿರುತ್ತದೆ. ಕುಲದ ಅಥವಾ ಊರಿನ ಮೂಲದ ಕಥೆಯೂ ದಟ್ಟವಾಗಿಯೇ ಇರುತ್ತದೆ. ನಡುವಿನದು ಬಹುಪಾಲು ಖಾಲಿ. ತಲೆಮಾರುಗಳು ಉರುಳಿದಂತೆ ಆ ಖಾಲಿ ಜಾಗವೂ ಮುಂದೆ ಮುಂದೆ ತೇಲುತ್ತಾ ಬರುತ್ತದೆ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಅವರ ಅಜ್ಜಿಯ ಮದುವೆಯ ಊಟದಲ್ಲಿ ಏನೇನು ಬಡಿಸಿದರು ಎಂದು ಹೇಳಿಯಾರು. ಅದಕ್ಕಿಂತ ಹಿಂದೆ ಹೋದರೆ ನೇರವಾಗಿ ‘ನಮ್ಮ ಹಿರಿಯರು ಘಟ್ಟದ ಮೇಲಿನಿಂದ ಬಂದವರು’ ಎಂಬಲ್ಲಿಗೆ ಜಿಗಿಯುತ್ತಾರೆ.

ಹಾಗಾದರೆ ನಡುವಿನ ಘಟನೆಗಳು ಎಲ್ಲಿಗೆ ಹೋಗುತ್ತವೆ? ಒಂದರೊಳಗೆ ಒಂದು ಸೇರಿಕೊಳ್ಳುತ್ತವೆ. ಇದಕ್ಕೆ ನಮ್ಮಲ್ಲೇ ಇರುವ ಉದಾಹರಣೆಗಿಂತ ಒಳ್ಳೆಯದು ನನಗೆ ಬೇರೆ ಗೊತ್ತಿಲ್ಲ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೀರಪಾಂಡ್ಯ ಭೈರರಸನ ಕಾಲದಲ್ಲಿ. ವೇಣೂರಿನದು 1604ರಲ್ಲಿ, ತಿಮ್ಮಣ್ಣ ಅಜಿಲನ ಕಾಲದಲ್ಲಿ. ಎರಡರ ನಡುವೆ 172 ವರ್ಷ. ಆದರೆ ಕಲ್ಕುಡ ಕಲ್ಲುರ್ಟಿಯ ಪಾಡ್ದನದಲ್ಲಿ ಎರಡನ್ನೂ ಕಡೆದವನು ಒಬ್ಬನೇ ಶಿಲ್ಪಿ. ಕಾರ್ಕಳದ ಮೂರ್ತಿಯನ್ನು ಮುಗಿಸಿದ ಮೇಲೆ, ಇಂಥದ್ದು ಇನ್ನೆಲ್ಲಿಯೂ ಆಗಬಾರದೆಂದು ಅರಸ ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಅವನು ಉಳಿದ ಕೈಯಿಂದಲೇ ವೇಣೂರಿನ ಮೂರ್ತಿಯನ್ನು ಕಡೆಯುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಳ್ಳುತ್ತಾಳೆ.

ಇಸವಿ ನೋಡಿ ಪಾಡ್ದನ ಸುಳ್ಳು ಎಂದು ಬಿಡುವವರಿದ್ದಾರೆ. ತರಗತಿಯಲ್ಲಿ ನಾನೂ ಮೊದಲ ಹತ್ತು ವರ್ಷ ಹಾಗೆಯೇ ಹೇಳಿದೆ, ಆಮೇಲೆ ನಿಲ್ಲಿಸಿದೆ. ಎರಡು ಮೂರ್ತಿಗಳಿವೆ, ಎರಡು ಅರಸು ಮನೆತನಗಳ ನಡುವೆ ಹೊಟ್ಟೆಯುರಿ ಇತ್ತು, ಕಲ್ಲು ಕಡೆದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಬರೆಸಲಿಲ್ಲ. ಈ ಮೂರನ್ನೂ ಪಾಡ್ದನ ಒಂದೇ ದೇಹದ ಮೇಲೆ ತಂದು ನಿಲ್ಲಿಸಿತು. ಶಾಸನ ಕಟ್ಟಿಸಿದವನ ಕಡೆಯಿಂದ ಮಾತನಾಡುತ್ತದೆ, ಪಾಡ್ದನ ಕಟ್ಟಿದವನ ಕಡೆಯಿಂದ. ನಿಮ್ಮ ಕಾದಂಬರಿಗೆ ಬೇಕಾದದ್ದು ಈ ಎರಡರ ನಡುವಿನ ಅಂತರ. ನಿಮ್ಮ 64 ರಾಜರಲ್ಲಿ ಹದಿನೇಳನೆಯವನನ್ನೂ ಇಪ್ಪತ್ತೆರಡನೆಯವನನ್ನೂ ಪೆರ್ಮಲೆಯ ಜನ ಒಬ್ಬನೇ ಎಂದುಕೊಂಡಿದ್ದರೆ, ಅರಮನೆಯ ಕರಣಿಕ ಮಾತ್ರ ಇಬ್ಬರು ಎಂದು ಬಲ್ಲವನಾದರೆ, ಆ ಎರಡು ಹೆಸರುಗಳಿಗೆ ಮೊದಲ ಸಲ ಜೀವ ಬರುತ್ತದೆ.

ಈಗ ನಿಮ್ಮ ಮೊದಲ ಅಧ್ಯಾಯಕ್ಕೆ ಬರೋಣ. ನಾಯಕಿ ಅಳಿವೆಯ ಮೇಲಿನ ಮರದ ಸೇತುವೆಯನ್ನು ದಾಟುತ್ತಾಳೆ. ಕಾವಲುಗಾರನನ್ನು ‘ಇದನ್ನು ಕಟ್ಟಿಸಿದವರು ಯಾರು?’ ಎಂದು ಕೇಳುತ್ತಾಳೆ. ಅವನು ಎರಡೂವರೆ ಪುಟ ಉತ್ತರ ಕೊಡುತ್ತಾನೆ, ಇಸವಿಗಳ ಸಮೇತ. ನಮ್ಮೂರಿನ ಟೋಲ್‌ಗೇಟಿನಲ್ಲಿ ಹೀಗೆ ಕೇಳಿ ನೋಡಿ.

ಅದೇ ಅಧ್ಯಾಯದಲ್ಲಿ ಇನ್ನೊಂದು ದೊಡ್ಡ ತೊಡಕು ಇದೆ. ಪೆರ್ಮಲೆಯಲ್ಲಿ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುತ್ತದೆ ಎನ್ನುತ್ತೀರಿ. ಮುಂದಿನ ಪುಟದಲ್ಲಿ, ವರ್ಷವಿಡೀ ದೂರದೇಶದ ಹಾಯಿಹಡಗುಗಳು ಬಂದು ಹೋಗುತ್ತವೆ ಎನ್ನುತ್ತೀರಿ. ಸುರತ್ಕಲ್‌ನವರು ಹೀಗೆ ಬರೆದರೆ ಹೇಗೆ? ಯಂತ್ರದೋಣಿಗಳ ಈ ಕಾಲದಲ್ಲೂ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನಿನ ಸಂತತಿಗಾಗಿ ಮಾಡಿದ ನಿಯಮ ಹೌದು, ಆದರೆ ಆ ದಿನಗಳ ಕಡಲನ್ನು ಮಲ್ಪೆಯಲ್ಲೋ ಬೆಂಗರೆಯಲ್ಲೋ ನಿಂತು ಒಮ್ಮೆ ನೋಡಿದರೆ ಹಾಯಿಹಡಗಿನ ಕಾಲದಲ್ಲಿ ಏನಾಗಿದ್ದೀತು ಎಂದು ಯಾರೂ ಹೇಳಬೇಕಾಗಿಲ್ಲ. ಬಂದರು ಮುಚ್ಚುತ್ತಿತ್ತು. ಅರಬ್ಬಿ ಕಡಲಿನ ವ್ಯಾಪಾರ ಗಾಳಿಯ ದಿಕ್ಕನ್ನು ಕಾದು ನಡೆಯುತ್ತಿತ್ತು. ಬಂದ ವ್ಯಾಪಾರಿ ಮರಳುವ ಗಾಳಿ ಬರುವವರೆಗೆ ತಿಂಗಳುಗಟ್ಟಲೆ ಇಲ್ಲೇ ಉಳಿಯಬೇಕಿತ್ತು.

ಉಳಿದವನು ಸುಮ್ಮನೆ ಇರುತ್ತಾನೆಯೇ? ಗೋದಾಮು ಬೇಕು, ಅಡುಗೆ ಬೇಕು, ಸಾಲ ಕೊಡುವವನು ಬೇಕು, ಪ್ರಾರ್ಥನೆಗೆ ಜಾಗ ಬೇಕು. ಕೆಲವರಿಗೆ ಸಂಸಾರವೂ ಆಗುತ್ತದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ, ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ್ದ. ಇಲ್ಲಿಯ ಆಶು ಎಂಬ ಹೆಣ್ಣಿನೊಂದಿಗೆ ಅವನ ಸಂಸಾರವಾಯಿತು, ಬೊಮ್ಮ ಎಂಬವನು ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಇದೆಲ್ಲ ನಮಗೆ ತಿಳಿದದ್ದು ಯಾವ ರಾಜನ ಶಾಸನದಿಂದಲೂ ಅಲ್ಲ. ಕೈರೋ ನಗರದ ಒಂದು ಯಹೂದಿ ಪ್ರಾರ್ಥನಾಲಯದ ಕೋಣೆಯಲ್ಲಿ ಕಾಗದದ ರಾಶಿ ಉಳಿದಿತ್ತು, ಅದರಲ್ಲಿ ಅವನ ಪತ್ರಗಳೂ ಲೆಕ್ಕಗಳೂ ಇದ್ದವು. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗ ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು ಎಂದು ಬರೆದ. ಮಳೆ ಬಂದರನ್ನು ಮುಚ್ಚಿತು, ಮುಚ್ಚಿದ ಬಂದರು ಕೇರಿಗಳನ್ನು ಹುಟ್ಟಿಸಿತು, ಕೇರಿಗಳು ಭಾಷೆಗಳನ್ನು ಬೆಳೆಸಿದವು. ನಿಮ್ಮ ಪಟ್ಟಿಯಲ್ಲಿ 11 ಯುದ್ಧಗಳಿಗೆ ಕಾರಣ ಬರೆದಿದ್ದೀರಿ: ಎಂಟಕ್ಕೆ ಅವಮಾನ, ಮೂರಕ್ಕೆ ಪ್ರೇಮ. ಅಕ್ಕಿಗಾಗಿ ಒಂದೂ ಇಲ್ಲ. ಬಸ್ರೂರಿನಂಥ ಬಂದರಿನ ಮೇಲೆ ಪೋರ್ಚುಗೀಸರಿಗೆ ಅಷ್ಟೊಂದು ಕಣ್ಣು ಇದ್ದದ್ದಕ್ಕೆ ಅಕ್ಕಿಯೂ ಒಂದು ಮುಖ್ಯ ಕಾರಣ. 1665ರಲ್ಲಿ ಶಿವಾಜಿ ಕಡಲ ದಾರಿಯಲ್ಲಿ ಬಂದು ಅದೇ ಬಸ್ರೂರನ್ನು ದೋಚಿದ್ದು, ಅಲ್ಲಿ ದೋಚುವಂಥದ್ದು ಇತ್ತು ಎಂದೇ.

ಕಾವಲುಗಾರನ ಗುಡಿಸಲಿಗೆ ಕೆಂಪು ಹೆಂಚು ಹಾಕಿದ್ದೀರಿ, ಅವನು ಗಂಜಿಗೆ ಒಣಮೆಣಸಿನಕಾಯಿ ಚಟ್ನಿ ನೆಂಚಿಕೊಳ್ಳುತ್ತಾನೆ. ನಮಗೆ ಇವೆರಡೂ ಅನಾದಿಕಾಲದಿಂದ ಇದ್ದ ಹಾಗೆ ಕಾಣುತ್ತವೆ. ಮಂಗಳೂರು ಹೆಂಚು ಎಂದು ಹೆಸರಾದ ಅಚ್ಚಿನ ಹೆಂಚು ಶುರುವಾದದ್ದು 1865ರಲ್ಲಿ, ಬಾಸೆಲ್ ಮಿಷನ್‌ನ ಕಾರ್ಖಾನೆಯಿಂದ. ಅದಕ್ಕೆ ಮೊದಲು ಸಾಮಾನ್ಯರ ಮನೆಗೆ ಮುಳಿಹುಲ್ಲು, ತೆಂಗಿನ ಗರಿಯ ಮಡಲು. ಮೂಡುಬಿದಿರೆಯ ಬಸದಿಗಳಲ್ಲಿ ನೋಡಿ, ಈ ಮಳೆಗೆ ಹೆದರಿ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ನಿಮ್ಮದು ಕಲ್ಪನೆಯ ಲೋಕ, ಹೆಂಚೂ ಇರಲಿ, ಮೆಣಸೂ ಇರಲಿ. ಎಲ್ಲಿಂದ ಬಂತು ಎಂಬುದಕ್ಕೆ ಒಂದು ಗುರುತು ಮಾತ್ರ ಇರಬೇಕು.

ಗುರುತು ಎಂದರೆ ವಿವರಣೆ ಕೊಡಬೇಕೆಂದಿಲ್ಲ. ಕಾಳುಮೆಣಸಿಗೆ ತುಳುವಿನಲ್ಲಿ ಏನೆನ್ನುತ್ತಾರೆ? ಎಡ್ಡೆ ಮುಂಚಿ. ನಮ್ಮ ಕರಾವಳಿಯ ಕನ್ನಡದಲ್ಲಿ ಒಳ್ಳೆಮೆಣಸು. ಹೊಸದಾಗಿ ಬಂದ ಮೆಣಸಿನಕಾಯಿ ಹಳೆಯದರ ಹೆಸರನ್ನೇ ಕಸಿದುಕೊಂಡಿತು, ಪಾಪ, ಹಳೆಯದು ‘ಒಳ್ಳೆಯ’ ಎಂಬ ವಿಶೇಷಣ ಕಟ್ಟಿಕೊಂಡು ಬದುಕಬೇಕಾಯಿತು. ಒಂದು ಖಂಡದ ಪತ್ತೆ, ಒಂದು ಸಾಗರಮಾರ್ಗ, ಒಂದು ಅಡುಗೆಮನೆಯ ಪಲ್ಲಟ, ಎಲ್ಲವೂ ಎರಡು ಪದಗಳಲ್ಲಿದೆ. ಚಾವಿ, ಪಾದ್ರಿ, ಬಟಾಟೆ ಎಂದು ದಿನವೂ ಹೇಳುತ್ತೇವೆ, ಪೋರ್ಚುಗೀಸರನ್ನು ನೆನೆಯುತ್ತೇವೆಯೇ? ನಿಮ್ಮ ಕಾವಲುಗಾರನೂ ಗಂಜಿ ಉಣ್ಣುತ್ತಾ ಅಂಥ ಒಂದು ಪದ ಆಡಿದರೆ ಸಾಕು.

ಊರಿನ ಹೆಸರುಗಳೂ ಹಾಗೆಯೇ. ನಿಮ್ಮ ರಾಜಧಾನಿಗೆ ಒಂದೇ ಹೆಸರು ಇದೆ. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ. ಯಾರು ಯಾವ ಹೆಸರು ಹೇಳುತ್ತಾರೆ ಎಂಬುದರಲ್ಲೇ ಅವರು ಯಾವ ಮನೆಯಿಂದ ಬಂದವರು ಎಂದು ತಿಳಿಯುತ್ತದೆ. ನೆಲದ ಹೆಸರುಗಳು ಇನ್ನೂ ಪ್ರಾಮಾಣಿಕ. ಮೂರು ಬೆಳೆ ಬರುವ ತಗ್ಗುಗದ್ದೆ ಬೈಲು, ಎರಡು ಬೆಳೆಯದು ಮಜಲು, ಮಳೆಯನ್ನೇ ನಂಬಿದ ಒಂದು ಬೆಳೆಯ ಎತ್ತರದ ಗದ್ದೆ ಬೆಟ್ಟು. ಇಂದು ಒಂದು ಬೈಲಿನ ಮೇಲೆ ಹನ್ನೆರಡು ಮಹಡಿಯ ಕಟ್ಟಡ ನಿಂತಿದ್ದರೂ ಹೆಸರು ಬೈಲೇ. ಮಂಗಳೂರಿನ ಸಿಟಿಬಸ್ಸಿನ ನಿರ್ವಾಹಕ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗಿದಾಗ ಯಾರೂ ಹಣ ಕಟ್ಟಲು ಹೊರಟಿರುವುದಿಲ್ಲ, ಅದು ಬಸ್ ನಿಲ್ದಾಣ. ಇನ್ನೂರು ವರ್ಷಗಳ ಮೇಲೆ ನನ್ನಂಥ ಯಾರೋ ಒಬ್ಬ ಈ ಹೆಸರಿನ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಾನು.

ಚರಿತ್ರೆ ಎಂದರೆ ಆದದ್ದರ ದಾಖಲೆ ಎಂಬುದು ಅರ್ಧ ಮಾತ್ರ ನಿಜ. ಅದು ಈಗ ಯಾರಿಗೋ ಉಪಯೋಗಕ್ಕೆ ಬರುತ್ತಿರಬೇಕು, ಇಲ್ಲದಿದ್ದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅಳಿಯಸಂತಾನ ಕಟ್ಟಿನ ಕಥೆ ನಿಮಗೆ ಗೊತ್ತಿರಬಹುದು. ಭೂತಾಳ ಪಾಂಡ್ಯನ ಹಡಗು ಕಡಲಿಗಿಳಿಯಲು ಕುಂಡೋದರ ಎಂಬ ಭೂತ ಮಗನ ಬಲಿ ಕೇಳಿತು, ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು, ಹುಡುಗ ಉಳಿದ, ಅಂದಿನಿಂದ ಆಸ್ತಿ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ. ಕಥೆಯನ್ನು ಎರಡು ಸಾವಿರ ವರ್ಷದ ಹಿಂದಕ್ಕೆ ಒಯ್ಯುತ್ತಾರೆ. ಇತಿಹಾಸಕಾರರು ಇದನ್ನು ನಡೆದ ಘಟನೆ ಎಂದು ಒಪ್ಪುವುದಿಲ್ಲ, ಹಳೆಯ ಆಳುಪ ಅರಸರ ಶಾಸನಗಳಲ್ಲಿ ತಂದೆಯ ನಂತರ ಮಗ ಪಟ್ಟಕ್ಕೆ ಬರುವುದು ಕಾಣುತ್ತದೆ. ಆದರೆ ಪದ್ಧತಿ ಮಾತ್ರ ಅಪ್ಪಟ ನಿಜ. ಮದರಾಸು ಸರ್ಕಾರ 1949ರಲ್ಲಿ ಅದಕ್ಕಾಗಿಯೇ ಕಾಯಿದೆ ಮಾಡಬೇಕಾಯಿತು. ಅಂದರೆ ಪದ್ಧತಿ ಮೊದಲು ಬಂತು, ಅದಕ್ಕೆ ಹಳೆಯ ಮುದ್ರೆ ಒತ್ತುವ ಕಥೆ ಆಮೇಲೆ ಬಂತು. ನೀವು ಇದನ್ನು ತಿರುವುಮುರುವಾಗಿ ಮಾಡಿದ್ದೀರಿ. ನಾಲ್ಕನೆಯ ರಾಜ ಒಂದು ಆಜ್ಞೆ ಹೊರಡಿಸಿದ, ಎರಡೂವರೆ ಸಾವಿರ ವರ್ಷ ಎಲ್ಲರೂ ಅದನ್ನು ಪಾಲಿಸಿದರು ಎಂದು ಬರೆದಿದ್ದೀರಿ. ಯಾವ ಊರಿನಲ್ಲಿ ಹಾಗೆ ಪಾಲಿಸಿದ್ದಾರೆ?

ಇನ್ನೊಂದು ಉದಾಹರಣೆ ಹತ್ತಿರದ್ದು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು ಕೆಲವು ದಿನ ಬ್ರಿಟಿಷರ ಆಡಳಿತವನ್ನು ಕಿತ್ತುಹಾಕಿತು. ಬಹುಕಾಲ ಅದರ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’, ಕಾಟಕಾಯಿ ಎಂದರೆ ಲೂಟಿ. ಇಂದು ಅದು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅದರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ನಡೆದದ್ದು ಬದಲಾಗಲಿಲ್ಲ, ಹೆಸರು ಬದಲಾಯಿತು, ಹೆಸರಿನೊಂದಿಗೆ ಯಾರು ತಲೆ ಎತ್ತಿ ನಡೆಯಬಹುದು ಎಂಬುದೂ ಬದಲಾಯಿತು. ಪೆರ್ಮಲೆಯ 11 ಯುದ್ಧಗಳಿಗೂ ನೀವು ಒಂದೊಂದೇ ಹೆಸರು ಕೊಟ್ಟಿದ್ದೀರಿ. ಗೆದ್ದವರ ಮನೆಯಲ್ಲಿ ಏನೆನ್ನುತ್ತಾರೆ, ಸೋತವರ ಮನೆಯಲ್ಲಿ ಏನೆನ್ನುತ್ತಾರೆ, ಎರಡೂ ಕಡೆಗೆ ಅಕ್ಕಿ ಮಾರಿದವರ ಮನೆಯಲ್ಲಿ ಏನೆನ್ನುತ್ತಾರೆ?

ಇನ್ನು ನಿಮ್ಮ ಮುಂದಿರುವ ದಾರಿಗಳು. ಈಗಿನ ದಾರಿಯಲ್ಲೇ ಹೋಗಿ ಪಟ್ಟಿಯನ್ನು ಇನ್ನೂ ದಪ್ಪ ಮಾಡಬಹುದು. ಇದರಲ್ಲಿ ಸುಖವಿದೆ, ಅದೇ ಅಪಾಯ. ಕಷ್ಟಪಟ್ಟು ಮಾಡಿದ್ದನ್ನು ತೋರಿಸದೆ ಇರಲು ಯಾರಿಗೂ ಆಗುವುದಿಲ್ಲ, ಹಾಗಾಗಿಯೇ ಕಾವಲುಗಾರ ಎರಡೂವರೆ ಪುಟ ಮಾತನಾಡುತ್ತಾನೆ.

ತುಳುನಾಡಿನ ಚರಿತ್ರೆಯನ್ನು ಹೆಸರು ಬದಲಿಸಿ ತರುವುದು ಎರಡನೆಯದು. ತಪ್ಪೇನಿಲ್ಲ, ಲೋಕದಲ್ಲೆಲ್ಲ ಮಾಡುತ್ತಾರೆ. ದೊಡ್ಡ ಲಾಭವೆಂದರೆ ಕಾರಣಗಳು ಪುಕ್ಕಟೆಯಾಗಿ ಬರುತ್ತವೆ. ಆದರೆ ಜನ ಸಾಮಾನ್ಯವಾಗಿ ಘಟನೆಯನ್ನು ಎತ್ತಿಕೊಂಡು ಕಾರಣವನ್ನು ಬಿಟ್ಟು ಬರುತ್ತಾರೆ. ಉಳ್ಳಾಲದ ಅಬ್ಬಕ್ಕನಂಥ ರಾಣಿ ಬೇಕು ಎನ್ನುತ್ತಾರೆ, ಅವಳ ಹಿಂದಿದ್ದ ಒಳ್ಳೆಮೆಣಸಿನ ವ್ಯಾಪಾರ, ಹೆಣ್ಣಿಗೆ ಪಟ್ಟ ಕೊಟ್ಟ ಚೌಟ ಅರಸು ಮನೆತನದ ಅಳಿಯಕಟ್ಟು, ಬಂಗ ಅರಸನೊಂದಿಗೆ ಕೆಟ್ಟ ಮದುವೆ ಇವನ್ನು ಕೈಬಿಡುತ್ತಾರೆ. ಕೊನೆಗೆ ಉಳಿಯುವುದು ಕತ್ತಿ ಹಿಡಿದ ಒಂದು ಚಿತ್ರ. ಇದರಲ್ಲೂ ಒಂದು ತಮಾಷೆ ಇದೆ: 1550ರ ದಶಕದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿಯೂ 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಕಂಡ ಉಳ್ಳಾಲದ ರಾಣಿಯೂ ಒಬ್ಬಳೇ ಆಗಿರುವುದು ಕಷ್ಟ. ಒಬ್ಬರಿಗಿಂತ ಹೆಚ್ಚು ಅಬ್ಬಕ್ಕರಿದ್ದರು ಎನ್ನುತ್ತಾರೆ ಇತಿಹಾಸಕಾರರು, ನೆನಪಿನಲ್ಲಿ ಒಬ್ಬಳೇ ಇದ್ದಾಳೆ. ಮತ್ತೆ ಅದೇ ಕಾರ್ಕಳ, ಅದೇ ವೇಣೂರು. ಎರಡನೆಯ ಅಪಾಯ, ಊರಿನ ಓದುಗ ಮೂರನೆಯ ಪುಟದಲ್ಲೇ ಗುರುತು ಹಿಡಿದು ತಪ್ಪು ಹುಡುಕಲು ಕೂರುತ್ತಾನೆ. ಮೂರನೆಯದು, ಕೆಲವು ಗಾಯಗಳು ಇನ್ನೂ ಆರಿಲ್ಲ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ ಇಲ್ಲಿಯ ಕ್ರೈಸ್ತರನ್ನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದನ್ನು ಇಂದಿಗೂ ಮನೆಮನೆಯ ಕಥೆಯಾಗಿ ಹೇಳುವವರಿದ್ದಾರೆ. ಅಂಥದ್ದನ್ನು ಹೆಸರು ಬದಲಿಸಿ ಒಂದು ಅಧ್ಯಾಯದ ರೋಮಾಂಚನಕ್ಕೆ ಬಳಸಿದರೆ, ಹೆಸರು ಬದಲಿಸಿದ್ದು ಯಾರ ಕಣ್ಣಿಗೂ ಮಣ್ಣೆರಚುವುದಿಲ್ಲ.

ಯಾವ ತಯಾರಿಯೂ ಇಲ್ಲದೆ ಬರೆಯುತ್ತಾ ಹೋಗಿ ಬೇಕಾದಾಗ ಚರಿತ್ರೆ ಹುಟ್ಟಿಸಿಕೊಳ್ಳುವವರೂ ಇದ್ದಾರೆ. ನಿಮ್ಮ ಸ್ವಭಾವಕ್ಕೆ ಅದು ಹೊಂದದು ಎಂದು ಎಕ್ಸೆಲ್ಲೇ ಹೇಳುತ್ತಿದೆ.

ನಾನು ಹೇಳುವ ದಾರಿ ಹಿಂದುಮುಂದಿನದು. ಕಥೆ ನಡೆಯುವ ದಿನದಿಂದ ಹೊರಡಿ. ಆ ದಿನ ನಾಯಕಿಯ ಕಣ್ಣಿಗೆ, ಕೈಗೆ, ಬಾಯಿಗೆ ಸಿಗುವ ಐದಾರು ಉಳಿಕೆಗಳನ್ನು ಆರಿಸಿ: ಅರ್ಧ ಕಟ್ಟಿ ಬಿಟ್ಟ ಗೋಡೆ, ಯಾರೂ ಕೇಳದಿದ್ದರೂ ಕೊಡುತ್ತಿರುವ ಒಂದು ಸುಂಕ, ಒಂದು ಕೇರಿಯವರು ಮಾತ್ರ ತಿನ್ನದ ಮೀನು, ಅರ್ಥ ಮರೆತ ಒಂದು ಬೈಗುಳ. ಪ್ರತಿಯೊಂದಕ್ಕೂ ಹಿಂದೆ ಹೋಗಿ ಕಾರಣ ಹುಡುಕಿ. ಆಗ ನಿಮ್ಮ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ಪಾತ್ರಗಳು ಹೇಳುವ ಸುಳ್ಳು ಬೇರೆ, ನೀವು ಮರೆತು ಮಾಡುವ ತಪ್ಪು ಬೇರೆ. ಓದುಗ ಮೊದಲನೆಯದನ್ನು ಸವಿಯುತ್ತಾನೆ, ಎರಡನೆಯದನ್ನು ಕ್ಷಮಿಸುವುದಿಲ್ಲ. ಕಥೆ ಯಾವ ಘಟನೆಯ ಮೇಲೆ ತಿರುಗುತ್ತದೋ ಅದರಲ್ಲಿ ನಿಜವಾಗಿ ಏನಾಯಿತು ಎಂಬುದು ನಿಮಗಾದರೂ ಗೊತ್ತಿರಲಿ, ಒಂದು ಕಡೆ ಬರೆದಿಡಿ. ಉಳಿದವುಗಳ ನಿಜ ನಿಮಗೂ ಗೊತ್ತಿಲ್ಲದಿದ್ದರೆ ನಷ್ಟವಿಲ್ಲ. ಸುಳ್ಳಿಗೂ ಒಬ್ಬ ಫಲಾನುಭವಿ ಇರಲಿ. ಹಿಂದಿನ ಕಾಲದಲ್ಲಿ ಭೂಮಿಯ ಮೇಲೆ ಹಕ್ಕು ಸಾಧಿಸಲು ಹಳೆಯ ರಾಜನ ಹೆಸರಿನಲ್ಲಿ ಹೊಸ ತಾಮ್ರಪಟ ಬರೆಸುತ್ತಿದ್ದರು, ಇಂಥವನ್ನು ನಾವು ಕೂಟಶಾಸನ ಎನ್ನುತ್ತೇವೆ. ರಾಜ ಹಳಬ, ಲಿಪಿ ಹೊಸತು, ಅಲ್ಲಿ ಸಿಕ್ಕಿಬೀಳುತ್ತವೆ. ಅಂಥ ಒಂದು ತಾಮ್ರಪಟ ಪೆರ್ಮಲೆಯ ಯಾವುದಾದರೂ ಮಠದ ಪೆಟ್ಟಿಗೆಯಲ್ಲಿ ಇರಬಾರದೇ?

ಇಸವಿಗಳ ಬಗ್ಗೆ ಒಂದು ಮಾತು. ನಿಮ್ಮವರೆಲ್ಲರೂ ‘ಪೆರ್ಮಲೆ ಶಕೆ 2417’ ಎಂದು ಲೆಕ್ಕ ಹಾಕುತ್ತಾರೆ, ಮೀನು ಮಾರುವ ಹೆಂಗಸೂ ಸಹ. ಉಡುಪಿಯ ರಥಬೀದಿಯ ಹಳಬರನ್ನು ಮಗನ ಮದುವೆ ಯಾವಾಗ ಆಯಿತು ಎಂದು ಕೇಳಿ, ಯಾವ ಸ್ವಾಮಿಗಳ ಪರ್ಯಾಯದಲ್ಲಿ ಎಂದು ಹೇಳುತ್ತಾರೆ. ಪರ್ಯಾಯ ಎಂದರೆ ಕೃಷ್ಣಮಠದ ಪೂಜೆಯ ಸರದಿ: ಎರಡು ವರ್ಷಕ್ಕೊಂದು ಪರ್ಯಾಯ, ಎಂಟು ಮಠ, ಹದಿನಾರು ವರ್ಷಕ್ಕೆ ಒಂದು ಸುತ್ತು. ಹಳ್ಳಿಯ ಕಡೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ದಿನದ ಮೊದಲು, ಮಳೆಗಾಲದ ಆಟಿ ತಿಂಗಳ ನಂತರ ಎನ್ನುತ್ತಾರೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಕವರ್ಷ ಸವೆದುಹೋಗಿ ಸಂವತ್ಸರ ಮಾತ್ರ ಉಳಿದ ಶಾಸನ ಸಿಕ್ಕರೆ, ಅದು ಅಜ್ಜನ ಕಾಲದ್ದೋ ಮೊಮ್ಮಗನ ಕಾಲದ್ದೋ ಎಂದು ನಾವು ತಲೆ ಕೆರೆದುಕೊಳ್ಳುತ್ತೇವೆ. ನಮಗೆ ಅದು ತಲೆನೋವು, ನಿಮಗೆ ಒಂದು ಇಡೀ ಅಧ್ಯಾಯದ ಸಾಮಗ್ರಿ.

ದೈವಗಳ ವಿಷಯದಲ್ಲಿ ನಾನು ನಿಮ್ಮ ಅಜ್ಜಿಯ ಪಕ್ಷ, ಕಾರಣ ಮಾತ್ರ ಸ್ವಲ್ಪ ಬೇರೆ ಇದ್ದೀತು. ಕಲ್ಲುರ್ಟಿ ಕಥೆಯೊಳಗಿನ ಪಾತ್ರವಷ್ಟೇ ಅಲ್ಲ, ಇಂದಿಗೂ ಜನ ಹರಕೆ ಹೊತ್ತು ಮಾತು ಕೇಳುವ ದೈವ. ಅವರ ಹೆಸರನ್ನು ಎತ್ತಿ ಕಲ್ಪನೆಯ ರಾಜ್ಯದಲ್ಲಿ ನಿಲ್ಲಿಸಿದರೆ ನೋಯುವವರಿದ್ದಾರೆ, ಅವರ ನೋವು ಅತಿಯಾದದ್ದು ಎಂದು ನನಗೆ ಅನಿಸುವುದಿಲ್ಲ. ಬರವಣಿಗೆಯ ದೃಷ್ಟಿಯಿಂದಲೂ ನಷ್ಟವೇ, ಏಕೆಂದರೆ ಆ ಹೆಸರು ಬಂದ ಕ್ಷಣ ಓದುಗ ಪೆರ್ಮಲೆಯಿಂದ ಎದ್ದು ತನ್ನ ಊರಿನ ಗುಡಿಗೆ ಹೋಗಿಬಿಡುತ್ತಾನೆ. ನೀವು ಕಲಿಯಬೇಕಾದದ್ದು ಪಾಡ್ದನ ಕೆಲಸ ಮಾಡುವ ರೀತಿಯನ್ನು. ಅನ್ಯಾಯವಾಗಿ ಸತ್ತವರಿಗೆ ಅಲ್ಲಿ ಮಾತು ಸಿಗುತ್ತದೆ, ಅವರು ನಡೆದ ದಾರಿಯ ಊರುಗಳ ಹೆಸರು ಸಾಲಾಗಿ ಬರುತ್ತವೆ, ಅರಸನ ಹೆಸರಿಗಿಂತ ಅವನು ಮಾಡಿದ ಅನ್ಯಾಯ ಹೆಚ್ಚು ನೆನಪಿರುತ್ತದೆ. ಈ ರೀತಿ ಯಾರ ಸ್ವತ್ತೂ ಅಲ್ಲ. ನಿಮ್ಮದೇ ಕಥೆ, ನಿಮ್ಮದೇ ಹೆಸರು ಇಟ್ಟು ಹಾಡಿಸಿ.

ಪುಸ್ತಕದ ಮೊದಲಲ್ಲಿ ವಂಶವೃಕ್ಷ ಮತ್ತು ನಕ್ಷೆ ಹಾಕಲೇ ಎಂದು ಪತ್ರದ ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀರಿ. ನಕ್ಷೆ ಹಾಕಿ, ನನಗೆ ನಕ್ಷೆಗಳೆಂದರೆ ಇಷ್ಟ. ವಂಶವೃಕ್ಷ ಬೇಡ.

ಸೇತುವೆಯ ಪ್ರಸಂಗವನ್ನು ಮತ್ತೆ ಬರೆಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆ ಇರುವ ಜಾಗಕ್ಕೆ ಆ ಹೆಸರು ಹೇಗೆ ಬಂತು ಎಂದು ಅಜ್ಜಿಯನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ನಡುವೆ ತಿದ್ದಬೇಡಿ. ಆಮೇಲೆ ನೆರೆಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿ. ಎರಡು ಉತ್ತರಗಳನ್ನೂ ನನಗೆ ಕಳುಹಿಸಿದರೆ ಸಂತೋಷ. ನೆರೆಮನೆಯವರು ಹೇಳಿದ್ದನ್ನು ಅಜ್ಜಿಗೆ ಹೇಳುವುದು, ಬಿಡುವುದು ನಿಮಗೆ ಬಿಟ್ಟದ್ದು.